ಒಂಬತ್ತು ಹೆಜ್ಜೆ

ಅವ್ವ ರವಿಕೆಗಳಿಗೆ ಹುಕ್ ಹಾಕುತ್ತಿದ್ದಳು. ನಾನು ಎದುರಿಗೆ ಕೂತು ಅವೇ ರವಿಕೆಗಳ ಇನ್ನೊಂದು ಪಟ್ಟಿಗೆ ನೂಲಿನ ಕಾಜಾ ಕಟ್ಟುತ್ತಿದ್ದೆ. ಇಬ್ಬರ ನಡುವೆ ಮೊರ, ಮೊರದಲ್ಲಿ ಹುಕ್ಕುಗಳ ರಾಶಿ. ಒಂದನ್ನು ಎತ್ತಿಕೊಳ್ಳುವಾಗ ಉಳಿದವು ಸದ್ದು ಮಾಡದ ಹಾಗೆ ಅವ್ವ ಅವನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದಳು. ಪಕ್ಕದ ಮನೆಯಲ್ಲಿ ರುಬ್ಬುವುದು ನಿಂತಿತ್ತು. ಎದುರು ಮನೆಯ ಕೂಸಿನ ಬಾಯಿಗೆ ಯಾರೋ ಬೆಲ್ಲ ಇಟ್ಟಿರಬೇಕು, ಅದೂ ಅಳುತ್ತಿರಲಿಲ್ಲ. ಅಂದು ತಿಂಗಳ ಮೂರನೆಯ ಮಂಗಳವಾರ. ಬಾಗಿಲಾಚೆ ವಸೂಲಿಯ ಶಿವನಂಜಯ್ಯ ನಿಂತಿದ್ದ.

"ಒಳಗೆ ಯಾರಿದೀರಾ?" ಅಂದ.

ಅವ್ವ ನೂಲನ್ನು ಹಲ್ಲಿನಿಂದ ಕಡಿದಳು. ಅವನು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಅವಸರವಿಲ್ಲದೆ ಎರಡನೆಯ ಸಲ ಕೇಳಿದ. ಮೂರನೆಯ ಸಲ ಕೇಳಿದ. ಆಮೇಲೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದ. ಬಾಗಿಲ ಸಂದಿಯಿಂದ ಅವನ ನೆರಳು ಸರಿದ ಮೇಲೂ, ಕೈಯಲ್ಲಿದ್ದ ರವಿಕೆ ಪೂರ್ತಿ ಮುಗಿಯುವವರೆಗೆ ನಾವಿಬ್ಬರೂ ಬಾಯಿ ತೆರೆಯಲಿಲ್ಲ.

ಆ ಪ್ರಶ್ನೆಗೆ ಉತ್ತರ ಕೊಡಬಾರದು ಅನ್ನುವುದನ್ನು ನಮ್ಮೂರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಮನೆಯೊಳಗಿಂದ ಯಾರಾದರೂ ಒಬ್ಬರು "ಓ" ಅಂದರೆ ಮುಗಿಯಿತು, ಹಳೆಯ ಸಾಲ ಒಪ್ಪಿಕೊಂಡ ಹಾಗೆ. ಏಳು ವರ್ಷ ಯಾರೂ ಓಗೊಡದಿದ್ದರೆ ಸಾಲ ತಾನಾಗಿ ಹೆಗಲಿಂದ ಇಳಿಯುತ್ತದೆ, ಕಂತು ತಪ್ಪಿದ್ದಕ್ಕೆ ದನಿಯಿಂದ ಕಳೆದುಹೋದ ಹೆಜ್ಜೆಗಳು ಮರಳಿ ಬರುತ್ತವೆ. ನೆಂಟರು ಬಂದರೆ ಬಾಗಿಲಲ್ಲಿ ನಿಂತು ತಮ್ಮ ಹೆಸರು ಹೇಳಿ ಚಿಲಕ ಅಲ್ಲಾಡಿಸುತ್ತಾರೆ. ಒಳಗೆ ಯಾರಿದ್ದೀರಿ ಎಂದು ಕೇಳುವಷ್ಟು ಕೆಟ್ಟ ನಡತೆ ನಮ್ಮಲ್ಲಿ ಯಾರಿಗೂ ಇಲ್ಲ. ಪಕ್ಕದ ಮನೆಯ ಗಿರಿಜಕ್ಕನ ಗಂಡ ಆರನೆಯ ವರ್ಷದಲ್ಲಿ, ಕುಡಿದ ಅಮಲಿನಲ್ಲಿ, "ಇದೀನಿ ಬಾರಯ್ಯ, ಕೊಡ್ತೀನಿ" ಅಂದುಬಿಟ್ಟಿದ್ದ. ಮತ್ತೆ ಏಳು ವರ್ಷ ಶುರುವಾಯಿತು. ಅವನು ಸತ್ತ, ಸಾಲ ಗಿರಿಜಕ್ಕನ ಮೇಲೆ ಉಳಿಯಿತು.

ಗಿರಿಜಕ್ಕನ ಮಾತು ಹನ್ನೆರಡು ಹೆಜ್ಜೆ ಹೋಗುತ್ತದೆ. ಅದರಾಚೆ ಒಂದು ಹೆಜ್ಜೆ ನಿಂತವರಿಗೆ ಅವಳ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತದೆ. ಎಷ್ಟು ಕಿರುಚಿದರೂ ಅಷ್ಟೇ. ಆಡಲು ಹೋದ ಮಗನನ್ನು ಊಟಕ್ಕೆ ಕರೆಯಲು ಅವಳು ಹಿತ್ತಾಳೆ ತಟ್ಟೆಗೆ ಸೌಟಿನಿಂದ ಬಾರಿಸುತ್ತಾಳೆ. ಅವಳ ತಟ್ಟೆಯ ಸದ್ದು ಯಾವುದು, ಮೂಲೆ ಮನೆಯವರ ತಟ್ಟೆಯ ಸದ್ದು ಯಾವುದು ಎಂದು ಬೀದಿಯ ಹುಡುಗರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಕಂಡಕ್ಟರ್ ಬೆನ್ನ ಹಿಂದಿನ ಎರಡು ಸೀಟು ಹೆಜ್ಜೆ ಕಡಿಮೆಯವರಿಗೆಂದು ಬಿಟ್ಟಿರುತ್ತಾರೆ, ಇಳಿಯುವ ಜಾಗ ಹೇಳಬೇಕಲ್ಲ. ಕೆರೆ ಏರಿಯ ಮೇಲೆ ಇಪ್ಪತ್ತು ಮಾರಿಗೊಂದು ಗಂಟೆ ಕಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಒಬ್ಬ ತಾಯಿ, ಮಗುವನ್ನು ಹಿಂದಕ್ಕೆ ಕರೆಯಲು ನಾಲ್ಕು ಹೆಜ್ಜೆಯ ದನಿಯಲ್ಲಿ ಕೂಗಿ ಕೂಗಿ ಸೋತಿದ್ದಳಂತೆ. ಗಂಟೆಗಳು ಆಮೇಲೆ ಬಂದವು.

ನಮ್ಮಣ್ಣ ದೊರೆಸ್ವಾಮಿಯದು ನೂರ ಮೂವತ್ತು ಹೆಜ್ಜೆ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಬೆಳಗಿನ ಜಾವ ಹೋಗಿ ಟೊಮೆಟೊ ಕ್ರೇಟುಗಳ ಮೇಲೆ ನಿಂತು ಕೂಗಿದನೆಂದರೆ ಗೇಟಿನಲ್ಲಿರುವ ಲಾರಿಯವನಿಗೂ ದರ ಕೇಳಬೇಕು. ನೂರು ಹೆಜ್ಜೆಗಿಂತ ಒಂದು ಕಡಿಮೆಯಾದರೂ ಮಂಡಿಯವರು ಆ ಕ್ರೇಟಿನ ಮೇಲೆ ಬೇರೆಯವನನ್ನು ನಿಲ್ಲಿಸುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲ ಉಪಚಾರ ಅಣ್ಣನ ಗಂಟಲಿಗೆ. ಬಿಸಿಲಲ್ಲೂ ಮಫ್ಲರ್. ಮಲಗುವ ಮುಂಚೆ ಮೆಣಸಿನ ಹಾಲು. ಮೊಟ್ಟೆ ತಂದರೆ ಅವನಿಗೆ. ಅವನು ಮನೆಯಲ್ಲಿ ಉಪ್ಪು ಕೇಳಿದರೂ ಹರಾಜಿನ ದನಿಯಲ್ಲೇ ಕೇಳುತ್ತಿದ್ದ. ಅವ್ವನಿಗೆ ಅದು ಹೆಮ್ಮೆ. ಶಿವನಂಜಯ್ಯ ಕೇಳಿಕೊಂಡು ಬರುವ ಸಾಲ ಸತ್ತುಹೋದ ಅಪ್ಪನದು ಎಂದು ಅವ್ವ ಹೇಳಿದ್ದಳು, ನಾನು ನಂಬಿದ್ದೆ. ವಸೂಲಿಯವರು ಸಾಲಗಾರನ ಹೆಸರು ಹಿಡಿದು ಕೂಗುವ ಹಾಗಿಲ್ಲ, ಮರ್ಯಾದೆಯ ಪ್ರಶ್ನೆ. ಆದ್ದರಿಂದ ಕೇಳಿ ತಿಳಿಯುವ ದಾರಿಯೂ ಇರಲಿಲ್ಲ.

ನನಗೆ ಮಾತು ಕಡಿಮೆ. ಹಾಗೆಂದು ಎಲ್ಲರೂ ಹೇಳುತ್ತಾರೆ. ನಾನು ನೋಡುವುದು ಹೆಚ್ಚು. ಒಂಬತ್ತನೆಯ ತರಗತಿಯಲ್ಲಿ ಮೇಡಂ ಹಾಜರಿ ಕರೆಯುವಾಗ ನಾನು ಕೊನೆಯ ಬೆಂಚಿನಿಂದ "ಬಂದಿದೀನಿ ಮೇಡಂ" ಅನ್ನುತ್ತಿದ್ದೆ. ಅವರು ತಲೆ ಎತ್ತದೆ ನನ್ನ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಿದ್ದರು. ಎದ್ದು ನಿಂತು ಹೇಳಿದೆ. ಕೈ ಎತ್ತಿ ಹೇಳಿದೆ. ನಾಲಗೆ ಇಲ್ಲವೇನೆ ನಿನಗೆ, ಇಷ್ಟು ನಾಚಿಕೆ ಇದ್ದರೆ ಮನೆಯಲ್ಲೇ ಇರು ಎಂದು ಒಂದು ದಿನ ಬೈದರು. ಹುಡುಗಿಯರು ನಕ್ಕರು. ವರ್ಷದ ಕೊನೆಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಅಷ್ಟು ದಿನವೂ ಹೋಗಿದ್ದೆ ಎಂದು ನಾನು ಮನೆಯಲ್ಲಿ ಅತ್ತಾಗ ಅವ್ವ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಹೋಗಲಿ ಬಿಡು, ಕಾಜಾ ಹೊಲಿಯುವುದು ಕಲಿ ಅಂದಳು. ಆ ನೋಟ ನನಗೆ ಚೆನ್ನಾಗಿ ನೆನಪಿದೆ. ಆಗ ಅದನ್ನು ಕನಿಕರ ಅಂದುಕೊಂಡಿದ್ದೆ.

ಕಾಜಾ ನನಗೆ ಒಲಿಯಿತು. ಪೇಟೆ ಬೀದಿಯ ಇಮಾಮ್ ಸಾಬರ ಹೊಲಿಗೆ ಅಂಗಡಿಯ ಕೈಕೆಲಸವೆಲ್ಲ ನಮಗೇ ಬರುತ್ತಿತ್ತು. ಅಂಗಡಿ ಅಂದರೆ ಒಂದು ಕಿಟಕಿ, ಕಿಟಕಿಯ ಹಿಂದೆ ಒಂದು ಯಂತ್ರ, ಅಷ್ಟೇ. ಈ ವರ್ಷ ಸಾಬರ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ಮೊದಲು ನನ್ನನ್ನು ಕರೆಯುತ್ತಿದ್ದರು, ಆಮೇಲೆ ಅಳತೆ ಪಟ್ಟಿ ಓದಲು, ಆಮೇಲೆ ಕತ್ತರಿಸಲು. ಒಂದು ಮಧ್ಯಾಹ್ನ ಕತ್ತರಿಯನ್ನು ನನ್ನ ಕಡೆ ದೂಡಿ, ಇನ್ನು ಇದನ್ನು ನೀನೇ ಇಟ್ಟುಕೊ ಅಂದರು. ಯಂತ್ರದ ದುಡ್ಡು ತಿಂಗಳು ತಿಂಗಳು ಕೊಟ್ಟರೆ ಸಾಕು, ಗಿರಾಕಿಗಳು ಹೇಗೂ ನಿನ್ನ ಕೈ ನೋಡಿಯೇ ಬರುತ್ತಿದ್ದಾರೆ ಎಂದರು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನಗೆ ಏನನ್ನೂ ಇಟ್ಟುಕೊ ಅಂದಿರಲಿಲ್ಲ.

ಒಂದೇ ತೊಡಕು. ಆ ಕಿಟಕಿಯ ಜಾಗ ಎದುರು ಸಾಲಿನ ಜವಳಿ ಶೆಟ್ಟರ ಸ್ವತ್ತು. ಬಟ್ಟೆಯನ್ನೂ ಅವರೇ ಉದ್ದರಿ ಕೊಡುವವರು. ಅವರು ಕಾಗದ ಪತ್ರ ನೋಡುವವರಲ್ಲ. ಬೀದಿಯ ಆಚೆ ಅವರ ಗಾದಿ, ಈಚೆ ಈ ಕಿಟಕಿ, ನಡುವೆ ನಲವತ್ತು ಹೆಜ್ಜೆ. ಕಿಟಕಿಯಲ್ಲಿ ಕೂತವರು ಕೂಗಿದ್ದು ಗಾದಿಗೆ ಕೇಳಬೇಕು, ಅಷ್ಟಿದ್ದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಅನ್ನುವುದು ಅವರ ಮಾತು. ದನಿಯ ಹೆಜ್ಜೆ ಎಣಿಸುವ ಅಳತೆ ಕಟ್ಟೆಯಿಂದ ಚೀಟಿ ತಂದುಬಿಡು, ನಿನ್ನ ವಯಸ್ಸಿನವರಿಗೆ ಎಂಬತ್ತಾದರೂ ಬರುತ್ತದೆ ಎಂದು ಸಾಬರು ಧೈರ್ಯ ಹೇಳಿದರು. ನಾನು ಅಲ್ಲಿಯವರೆಗೆ ಯಾವತ್ತೂ ಅಳೆಸಿಕೊಂಡಿರಲಿಲ್ಲ. ಯಾರ ಹತ್ತಿರ ಏನು ಕೇಳಬೇಕಾಗಿತ್ತು ನನಗೆ?

ಅಳತೆ ಕಟ್ಟೆಯ ಬೋರಯ್ಯ ನನ್ನನ್ನು ಕಲ್ಲಿನ ಮೇಲೆ ನಿಲ್ಲಿಸಿದ. "ನಿನ್ ಹೆಸ್ರು, ನಿಮ್ಮಪ್ಪನ ಹೆಸ್ರು ಹೇಳವ್ವ. ಹೇಳ್ತಾನೇ ಇರು, ನಿಲ್ಲಿಸ್ಬೇಡ" ಎಂದು ಹಿಂದಕ್ಕೆ ನಡೆಯತೊಡಗಿದ. ನನ್ನ ಹೆಸರು ಇಂದ್ರಾಣಿ, ನಮ್ಮಪ್ಪನ ಹೆಸರು ಕೆಂಪಯ್ಯ. ನನ್ನ ಹೆಸರು ಇಂದ್ರಾಣಿ, ನಮ್ಮಪ್ಪನ ಹೆಸರು ಕೆಂಪಯ್ಯ. ಕೇಳುತ್ತಿದೆ ಎನ್ನುವುದಕ್ಕೆ ಅವನು ಬಲಗೈ ಮೇಲೆತ್ತಿಕೊಂಡು ಹೋಗುತ್ತಿದ್ದ. ಒಂಬತ್ತು ಹೆಜ್ಜೆಗೆ ಕೈ ಮೇಲಿತ್ತು. ಹತ್ತನೆಯದಕ್ಕೆ ಕೈ ಇಳಿಸಿ ಕಿವಿಯ ಹಿಂದೆ ಇಟ್ಟುಕೊಂಡ. ಮುಂದೆ ಬಂದ, ಹಿಂದೆ ಹೋದ. ನಾನು ಹೇಳುತ್ತಲೇ ಇದ್ದೆ. ಸರದಿಯಲ್ಲಿ ನಿಂತಿದ್ದ ಒಬ್ಬ ಯಜಮಾನ, "ಗಟ್ಟಿಯಾಗ್ ಹೇಳು ತಾಯಿ, ನಾಚ್ಕೊಂಡ್ರೆ ಹೆಜ್ಜೆ ಬರಲ್ಲ" ಅಂದ.

"ನಾಚ್ಕೆ ಅಲ್ಲ ಕಣಯ್ಯ, ಸಾಲ" ಅಂದ ಬೋರಯ್ಯ.

ನನಗೆ ಯಾವ ಸಾಲವೂ ಇಲ್ಲ ಅಂದೆ. ಅವನು ಒಳಗೆ ಹೋಗಿ ದಪ್ಪ ಪುಸ್ತಕ ತಂದು ಬೆರಳಿಟ್ಟು ಓದಿದ. ಇಂದ್ರಾಣಿ, ಕೆಂಪಯ್ಯನ ಮಗಳು. ಮಂಡಿಯ ಮುಂಗಡಕ್ಕೆಂದು ತೆಗೆದ ಸಾಲ, ಒಂದು ಕಂತೂ ಕಟ್ಟಿಲ್ಲ, ವಸೂಲಿಗೆ ಹೋಗಿ ಆರು ವರ್ಷ ಹತ್ತು ತಿಂಗಳು. ಅವನು ಓದುತ್ತಿದ್ದ ಹಾಗೆ ನನಗೆ ಒಂದು ಮಧ್ಯಾಹ್ನ ನೆನಪಾಯಿತು. ಹದಿನೈದು ವರ್ಷದವಳಿದ್ದೆ. ಅಣ್ಣ ಎಂದೂ ಇಲ್ಲದೆ ನನ್ನನ್ನು ಪೇಟೆಗೆ ಕರೆದುಕೊಂಡು ಹೋಗಿದ್ದ. ಒಂದು ಕಚೇರಿಯಲ್ಲಿ ಬೆಂಚಿನ ಮುಂದೆ ನಿಲ್ಲಿಸಿ, ಅವರು ಕೇಳಿದಾಗ "ನಾನು ತೀರಿಸ್ತೀನಿ" ಅನ್ನು ಎಂದು ಹೇಳಿಕೊಟ್ಟಿದ್ದ. ಅಂದಿದ್ದೆ. ನನ್ನ ದನಿ ಎಷ್ಟು ಚೆನ್ನಾಗಿದೆ ಎಂದು ಅಲ್ಲಿದ್ದವರು ಹೊಗಳಿದ್ದರು. ಬರುವಾಗ ಎರಡು ಬೋಂಡ, ಒಂದು ಕೆಂಪು ರಿಬ್ಬನ್. ಆ ದಿನವನ್ನು ಒಳ್ಳೆಯ ದಿನಗಳ ಜೊತೆಗೆ ನೆನಪಿಟ್ಟುಕೊಂಡಿದ್ದೆ. ಶಾಲೆಯಲ್ಲಿ ಗೈರು ಬೀಳಲು ಶುರುವಾದದ್ದು ಆ ಮಳೆಗಾಲದಲ್ಲಿ.

ಬೋರಯ್ಯ ಕೆಟ್ಟವನಲ್ಲ. ನನ್ನ ಮುಖ ನೋಡಿ ನೀರು ಕೊಟ್ಟ. ಅಳಬೇಡ, ಇನ್ನು ಎರಡು ಸಲ ವಸೂಲಿಯವನು ಬರುತ್ತಾನೆ, ಆ ಎರಡು ಮಂಗಳವಾರ ಬಾಯಿ ಮುಚ್ಚಿಕೊಂಡು ಕೂತರೆ ನಿನ್ನ ಮೇಲಿಂದ ಇಳಿಯುತ್ತದೆ ಅಂದ. ಒಂದು ಕಾಸೂ ಕಟ್ಟಲು ಹೋಗಬೇಡ, ಕಾಸು ಕಟ್ಟುವುದೂ ಓಗೊಟ್ಟ ಹಾಗೇ ಎಂದೂ ಹೇಳಿಕೊಟ್ಟ. ಆಮೇಲೆ ಪುಸ್ತಕ ಮುಚ್ಚುವಾಗ ಇನ್ನೊಂದು ಸಾಲು ಓದಿದ. "ಜಾಮೀನು ದೊರೆಸ್ವಾಮಿ, ಅಣ್ಣ. ನಿನ್ ಮೇಲಿಂದ ಇಳಿದ್ ಮೇಲೆ ಅವನ್ ಕಡೆ ತಿರುಗ್ತಾರೆ. ಅದು ಅವನ್ ಪಾಡು." ನಾನು ಆ ಮಾತನ್ನು ಕೇಳಿಸಿಕೊಂಡೆ, ತಲೆಗೆ ಹಾಕಿಕೊಳ್ಳಲಿಲ್ಲ. ಎರಡು ತಿಂಗಳು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಇಮಾಮ್ ಸಾಬರಿಗೆ ಎಲ್ಲ ಹೇಳಿದೆ. ಎರಡು ತಿಂಗಳು ತಾನೇ, ನನ್ನ ಕಣ್ಣು ಅಷ್ಟು ದಿನ ತಡೆಯುತ್ತದೆ, ಶೆಟ್ಟರಿಗೆ ನಾನು ಹೇಳುತ್ತೇನೆ ಅಂದರು.

ಮನೆಗೆ ಬಂದು ಬೈಯಬೇಕು ಅಂದುಕೊಂಡಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಅಣ್ಣ ಮಂಡಿಯಿಂದ ಬಂದು ಊಟಕ್ಕೆ ಕೂತಿದ್ದ. ಅವ್ವ ಮುದ್ದೆ ಕಟ್ಟುತ್ತಿದ್ದಳು. ನಾನು ಬೈಯಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಉದ್ದ ಮಾತಾಡಿರಲಿಲ್ಲ, ಅಂದು ಎಲ್ಲವನ್ನೂ ಹೇಳಿದೆ. ಕಿಟಕಿ, ಯಂತ್ರ, ಕಲ್ಲು, ಒಂಬತ್ತು ಹೆಜ್ಜೆ, ಕೆಂಪು ರಿಬ್ಬನ್, ಎರಡು ತಿಂಗಳು. ಬೋರಯ್ಯ ಓದಿದ ಕೊನೆಯ ಸಾಲನ್ನೂ ಹೇಳಿದೆ. ಏಳು ವರ್ಷದಿಂದ ಅದು ಅವರಿಬ್ಬರಿಗೂ ಮರೆತುಹೋಗಿತ್ತು ಎಂದು ಅವರ ಮುಖ ನೋಡಿದಾಗಲೇ ನನಗೆ ಗೊತ್ತಾದದ್ದು. ನೆನಪಿಸಿದವಳು ನಾನು.

"ಜಾಮೀನು ಅಂದ್ರೆ?" ಅಂದ ಅಣ್ಣ. ಅವನು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವ್ವ ನನ್ನ ಕಡೆ ತಿರುಗಿ ನ್ಯಾಯ ಹೇಳಿದಳು. ಅಪ್ಪ ಸತ್ತ ವರ್ಷ ಮನೆಯಲ್ಲಿ ಒಲೆ ಹತ್ತುವುದು ಕಷ್ಟವಿತ್ತು. ಮಂಡಿಯ ಜಾಗಕ್ಕೆ ಮುಂಗಡ ಕೇಳಿದರು. ಅಣ್ಣನ ಹೆಸರಲ್ಲಿ ಸಾಲ ತಂದು ಒಂದು ಕಂತು ತಪ್ಪಿದ್ದರೂ ಅವನ ಗಂಟಲು ಹೋಗುತ್ತಿತ್ತು, ಗಂಟಲು ಹೋದರೆ ಮಂಡಿ ಹೋಗುತ್ತಿತ್ತು. "ನೀನ್ ಮಾತಾಡೋದೇ ಅಪರೂಪ. ನಿನಗೆ ಗೊತ್ತೂ ಆಗಲ್ಲ ಅನ್ಕೊಂಡ್ವಿ ಕಣೆ" ಅಂದಳು. ಸ್ಕೂಲು ಬಿಟ್ಟೆನಲ್ಲವ್ವ ಅಂದೆ. ಅವ್ವ ಅಣ್ಣನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಅಣ್ಣ ಸ್ವಲ್ಪ ಹೊತ್ತಿಗೆ ದನಿ ಸರಿಮಾಡಿಕೊಂಡು, ಪೇಟೆಯಲ್ಲಿ ಕಿಟಕಿ ತೆರೆದುಕೊಂಡು ಕೂತರೆ ನಾಳೆ ನಿನ್ನನ್ನು ಯಾರು ಮದುವೆಯಾಗುತ್ತಾರೆ, ಕಾಜಾ ಹಾಕಲು ಮಾತು ಯಾಕೆ ಬೇಕು ಎಂದು ಶುರುಮಾಡಿದ. ಅವನು ಅಷ್ಟು ಹೇಳಿದ್ದು ನನಗೆ ಸಮಾಧಾನವೇ ಆಯಿತು. ಬೈಯುವವನು ಬೇರೇನೂ ಮಾಡುವುದಿಲ್ಲ ಅಂದುಕೊಂಡೆ.

ಆ ಎರಡು ತಿಂಗಳು ನಾನು ಸಂತೋಷವಾಗಿದ್ದೆ. ಅದನ್ನು ಹೇಳಲು ಈಗ ಬೇಸರವಾಗುತ್ತದೆ, ಆದರೂ ಇದ್ದೆ. ಸಾಬರ ಕಿಟಕಿಯಿಂದ ಶೆಟ್ಟರ ಗಾದಿಯವರೆಗೆ ದಿನಾ ನಡೆದು ಎಣಿಸುತ್ತಿದ್ದೆ. ಶೆಟ್ಟರ ಕಾಲಿಗೆ ನಲವತ್ತು, ನನ್ನ ಕಾಲಿಗೆ ನಲವತ್ತಾರು ಬರುತ್ತಿತ್ತು. ಕಿಟಕಿಯಲ್ಲಿ ಕೂತು ಮೊದಲ ಸಲ ಏನು ಕೂಗಬೇಕು ಎಂದು ಯೋಚಿಸಿ ಇಟ್ಟುಕೊಂಡಿದ್ದೆ. ಶೆಟ್ಟರೇ, ಎರಡು ಮೀಟರ್ ಲೈನಿಂಗ್ ಬಟ್ಟೆ ಕಳಿಸಿ. ಅದಕ್ಕಿಂತ ದೊಡ್ಡದು ಏನೂ ಹೊಳೆಯಲಿಲ್ಲ. ಹೆಜ್ಜೆ ಮರಳಿ ಬಂದ ಮೇಲೂ ನಾನು ಮಾತಾಡುವವಳೋ ಅಲ್ಲವೋ ಎಂಬ ಹೆದರಿಕೆಯೂ ಇತ್ತು. ಇಷ್ಟು ವರ್ಷ ನನ್ನನ್ನು ಸುಮ್ಮನಿರಿಸಿದ್ದು ಸಾಲವೋ, ನನ್ನ ಸ್ವಭಾವವೋ ನನಗೇ ಗೊತ್ತಿರಲಿಲ್ಲ. ನೋಡಬೇಕು ಅನ್ನಿಸುತ್ತಿತ್ತು.

ಗಿರಿಜಕ್ಕನಿಗೆ ಹೇಳಿದಾಗ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಮಂಗಳವಾರ ಬಂತು ಅಂದ್ರೆ ಬಾಯಿಗೆ ಸೆರಗು ತುರುಕ್ಕೊಂಡು ಕೂತ್ಕೊ. ಇಲಿ ಕಚ್ಚಿದ್ರೂ ಕೂಗ್ಬೇಡ" ಅಂದಳು. ಆಮೇಲೆ ನಗುತ್ತ, "ನೀನ್ ಕೂಗಿದ್ರೂ ಅವ್ನಿಗೆ ಕೇಳಬೇಕಲ್ಲ" ಅಂದಳು. ಇಬ್ಬರೂ ನಕ್ಕೆವು. ನಮ್ಮ ನಗು ಎಷ್ಟು ಹೆಜ್ಜೆ ಹೋಗುತ್ತಿತ್ತೋ.

ಮೊದಲ ಮಂಗಳವಾರ ಸುಮ್ಮನೆ ಕಳೆಯಿತು. ನಾನು, ಅವ್ವ, ಮೊರ, ಹುಕ್ಕು. ಶಿವನಂಜಯ್ಯ ಮೂರು ಸಲ ಕೇಳಿ ಗುರುತು ಹಾಕಿಕೊಂಡು ಹೋದ.

ಎರಡನೆಯದು ಕಡೆಯ ಮಂಗಳವಾರ. ಶುಕ್ರವಾರಕ್ಕೆ ಏಳು ವರ್ಷ ತುಂಬುತ್ತಿತ್ತು. ಅಂದು ಅಣ್ಣ ಮಂಡಿಗೆ ಹೋಗಿರಲಿಲ್ಲ. ಏಳು ವರ್ಷದಲ್ಲಿ ಒಂದು ಮಂಗಳವಾರವೂ ಅವನು ಮನೆಯಲ್ಲಿ ಇದ್ದದ್ದಿಲ್ಲ. ಗಂಟಲು ಕೆರೆತ ಅಂದ. ಹಾಗೆ ಅಂದ ದನಿ ಹಿತ್ತಲಿನವರೆಗೆ ಕೇಳಿತು. ಮಫ್ಲರ್ ಸುತ್ತಿಕೊಂಡು ಗೋಡೆಗೆ ಒರಗಿ ಕೂತ. ನಾನೂ ಅವ್ವನೂ ಅವರೆಕಾಯಿ ಸುಲಿಯುತ್ತಿದ್ದೆವು. ಅವನು ಒಂದು ಸಲವೂ ನನ್ನನ್ನು ನೋಡಲಿಲ್ಲ, ಅವ್ವನನ್ನು ಎರಡು ಸಲ ನೋಡಿದ. ನಾನು ನೋಡುವವಳು, ಕಂಡಿತು. ಕಂಡರೂ ಎದ್ದು ಬಾಗಿಲು ತೆರೆದು ಓಡಿಹೋಗಬೇಕು ಎಂದು ಹೊಳೆಯಲಿಲ್ಲ. ಅವ್ವ ಇದ್ದಳಲ್ಲ.

ಶಿವನಂಜಯ್ಯ ಬಂದ. ಒಮ್ಮೆ ಕೇಳಿದ. ಅವನಿಗೂ ತಾರೀಕು ಗೊತ್ತಿತ್ತೋ ಏನೋ, ಎಂದಿನಂತೆ ನಿಧಾನಿಸದೆ ಬೇಗನೆ ಎರಡನೆಯ ಸಲ ಕೇಳಿದ. ಮೂರನೆಯದನ್ನು ಅರ್ಧ ತಿರುಗಿ ಹೊರಡುತ್ತಲೇ ಕೇಳಿದ.

"ಓ" ಅಂದಳು ಅವ್ವ.

ತಲೆ ಎತ್ತಲಿಲ್ಲ. ಸಿಪ್ಪೆ ಬಿಡಿಸಿ ಕಾಳನ್ನು ಪಾತ್ರೆಗೆ ಹಾಕಿದಳು. ಹೊರಗೆ ಹೆಜ್ಜೆ ನಿಂತಿತು. ಆಮೇಲೆ, "ಏನೋ ಸದ್ದಾದಂಗಾಯ್ತು ತಾಯಿ, ನಂಗೆ ಸರಿಯಾಗ್ ಕೇಳ್ಲಿಲ್ಲ" ಅಂದ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ತನ್ನ ಕಿವಿಯನ್ನೇ ಸುಳ್ಳು ಮಾಡಿಕೊಳ್ಳುತ್ತಿದ್ದ. ನಾನು ಅವ್ವನ ಮೊಣಕೈ ಹಿಡಿದುಕೊಂಡೆ. ಬೇಡ ಎಂದು ತಲೆಯಾಡಿಸಿದೆ. ಅವ್ವ ಕೈ ಬಿಡಿಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು.

"ಇದೀವಪ್ಪ. ಸಾಲ ಇಂದ್ರಾಣೀದು. ಬರ್ಕೊ."

ಅವನು ಬರೆದುಕೊಳ್ಳುವ ಸದ್ದು ಬಾಗಿಲ ಈಚೆಗೂ ಕೇಳಿತು. ಬೀದಿ ಅಷ್ಟು ಮೌನವಾಗಿತ್ತು. ಅವನು ಹೋದ ಮೇಲೆ ಅಣ್ಣ ಎದ್ದು ಅಂಗಿ ಹಾಕಿಕೊಂಡು ಮಂಡಿಗೆ ಹೊರಟ. ಗಂಟಲು ವಾಸಿಯಾಗಿರಬೇಕು.

ಅವ್ವನನ್ನು ಯಾಕೆ ಎಂದು ಕೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಅಣ್ಣನ ಗಂಟಲು ಹೋದರೆ ಮೂರು ಜನ ಏನು ತಿನ್ನುವುದು ಎಂದು ಕೇಳಿದಳು. ಕಿಟಕಿಯಿಂದ ಬರುವುದು ಮಂಡಿಯಿಂದ ಬರುವುದಕ್ಕೆ ಸಮವಾಗುತ್ತದೆಯೇ ಎಂದು ಕೇಳಿದಳು. ಉತ್ತರ ನನಗಿಂತ ಮೊದಲು ಅವಳೇ ಲೆಕ್ಕ ಹಾಕಿದ್ದಳು. ಕೊನೆಗೆ ನನ್ನ ತಲೆ ಸವರಿ, "ನಿನಗೆ ಅಭ್ಯಾಸ ಆಗೋಗಿದೆ ಕಣೆ. ಅವ್ನಿಗೆ ಹೊಸದಾಗಿ ಆಗ್ಬೇಕು" ಅಂದಳು. ಅಂದು ಸಂಜೆ ಅಣ್ಣ ಅರ್ಧ ಡಜನ್ ಮೊಟ್ಟೆ ತಂದ. ಅವ್ವ ಒಂದನ್ನು ಬೇಯಿಸಿ ನನ್ನ ತಟ್ಟೆಯಲ್ಲಿ ಇಟ್ಟಳು. ಬೆಳಗಿನವರೆಗೂ ಅದು ಅಲ್ಲೇ ಇತ್ತು. ಆಮೇಲೆ ಅಣ್ಣ ತಿಂದ.

ಇಮಾಮ್ ಸಾಬರು ಇನ್ನು ಕಾಯುವ ಹಾಗಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ, ಕತ್ತರಿಯನ್ನು ತಾವೇ ತಡವಿ ಎತ್ತಿ ಡ್ರಾಯರಿನಲ್ಲಿ ಇಟ್ಟರು. ಶೆಟ್ಟರು ಕಿಟಕಿಯನ್ನು ಪುಷ್ಪಾವತಿ ಎಂಬವಳಿಗೆ ಕೊಟ್ಟರು. ಅವಳದು ಅರವತ್ತೆರಡು ಹೆಜ್ಜೆ. ನೆಟ್ಟಗೆ ಒಂದು ಹೊಲಿಗೆ ಹಾಕಲು ಬಾರದು, ಕೂಗಲು ಬರುತ್ತದೆ. ಈಗ ಅವಳ ರವಿಕೆಗಳಿಗೆ ಕಾಜಾ ಹಾಕುವವಳು ನಾನು. ಬಟ್ಟೆ ತರಬೇಕಾದಾಗ ಅವಳು ಕಿಟಕಿಯಿಂದ ಕೂಗುತ್ತಾಳೆ, ಗಾದಿಗೆ ಓಡಿಹೋಗಿ ತರುವವಳೂ ನಾನೇ. ನಲವತ್ತಾರು ಹೆಜ್ಜೆ ಹೋಗಿ, ನಲವತ್ತಾರು ಬರಬೇಕು. ಕೆಲವು ಗಿರಾಕಿಗಳು ನನ್ನನ್ನು ತೋರಿಸಿ, ಪಾಪ, ಈ ಹುಡುಗಿಗೆ ತುಂಬ ನಾಚಿಕೆ ಅಲ್ಲವೇ ಅನ್ನುತ್ತಾರೆ. ಪುಷ್ಪಾವತಿ ಹೌದು ಅನ್ನುತ್ತಾಳೆ.

ಸಾಲ ಬದಲಾಯಿಸಿಕೊಳ್ಳಬಹುದು ಎಂದು ನನಗೆ ಹೇಳಿದವನೂ ಬೋರಯ್ಯನೇ. ಜಾಮೀನು ನಿಂತವನು ತಾನಾಗಿ ಬಂದು, ಇದು ನಂದು ಎಂದು ಕಲ್ಲಿನ ಮೇಲೆ ನಿಂತು ಒಂದು ಮಾತು ಹೇಳಿದರೆ ಅವತ್ತೇ ಬದಲಾಗುತ್ತದೆ. ಹಾಗೆ ಬಂದವರನ್ನು ನೋಡಿದ್ದೀಯಾ ಎಂದು ನಾನು ಕೇಳಲಿಲ್ಲ. ಮನೆಗೆ ಬಂದು ಒಲೆಯಿಂದ ಬೀದಿ ಬಾಗಿಲಿನವರೆಗೆ ನಡೆದು ನೋಡಿದೆ. ಏಳೇ ಹೆಜ್ಜೆ. ನನ್ನ ಮಾತು ಕೇಳದ ಜಾಗ ನಮ್ಮ ಮನೆಯೊಳಗೆ ಎಲ್ಲೂ ಇಲ್ಲ.

ಆ ಭಾನುವಾರ ಮೂವರೂ ಊಟಕ್ಕೆ ಕೂತಿದ್ದೆವು. ಅಣ್ಣ ನನ್ನ ಎಡಕ್ಕೆ, ಅವ್ವ ಎದುರಿಗೆ, ಕೈಚಾಚಿದರೆ ಇಬ್ಬರೂ ಸಿಗುವಷ್ಟು ಹತ್ತಿರ. ಸಾರು ಬಿಸಿಯಿತ್ತು. ಅಣ್ಣ ಉಪ್ಪು ಕೇಳಿದ, ಅವ್ವ ಕೊಟ್ಟಳು. ಅವನು ಬೆರಳಲ್ಲಿ ಉಪ್ಪು ಕಲಸಿಕೊಳ್ಳುವುದು ಮುಗಿಯಲಿ ಎಂದು ಕಾದೆ. ಆಮೇಲೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ.

"ಅಣ್ಣ, ನಾಳೆ ನನ್ ಜೊತೆ ಅಳತೆ ಕಟ್ಟೆಗೆ ಬಂದು, ಆ ಸಾಲ ನಿಂದು ಅಂತ ಒಂದ್ ಮಾತು ಹೇಳು" ಅಂದೆ.

ಅಣ್ಣ ಸಾರು ಸುರಿದುಕೊಂಡ. ಅವ್ವ ಮುದ್ದೆ ಮುರಿದಳು.